ಗ್ಯಾಸ್ ಬೆಲೆಗೆ ಮಿತಿ ಬೇಕಾ, ಬೇಡ್ವಾ?

ಪೀಣ್ಯದ ಆಟೋ: 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ತನ್ನದೇ ಕಂಪನಿ ಒಎನ್‌ಜಿಸಿಯ ಹಳೇ ಬಾವಿಗಳ ಗ್ಯಾಸಿಗೆ ಎಂಎಂಬಿಟಿಯುಗೆ (ಗ್ಯಾಸನ್ನು ಶಾಖದ ಲೆಕ್ಕದಲ್ಲಿ ಅಳೆಯುವ ಅಳತೆ) 6.5 ಡಾಲರ್ ಮಿತಿ ಹಾಕಿತು. 2025ರಲ್ಲಿ ಅದು 6.75 ಆಯ್ತು. ಆಗ ಏರಿದ್ದು ಬರೀ ಕಾಲು ಡಾಲರ್. ನಮ್ಮ ಸಿಎನ್‌ಜಿ ರೇಟ್ ಯಾಕೆ ಅಷ್ಟಕ್ಕೇ ನಿಲ್ಲಲ್ಲ? ಸಾಯಂಕಾಲ ಬಂಕಿನಲ್ಲಿ ಪ್ರೆಶರ್ ಬೇರೆ ಇರುವುದಿಲ್ಲ. ಕ್ಯೂ ನಿಂತರೂ ಸಿಲಿಂಡರ್ ಪೂರ್ತಿ ತುಂಬಲ್ಲ, ಮತ್ತೆ ಬೆಳಗ್ಗೆ ಬರಬೇಕು.

ಲೆಕ್ಕದ ಮೇಷ್ಟ್ರು: ಮಿತಿ ಇರುವುದು ಹಳೇ ಬಾವಿ ಗ್ಯಾಸಿಗೆ ಮಾತ್ರ ಅಣ್ಣ. ಅದು ಕಮ್ಮಿ ಆಗ್ತಿದೆ, ಬಂಕುಗಳು ಜಾಸ್ತಿ ಆಗ್ತಿವೆ. 2024ರ ಅಕ್ಟೋಬರ್, ನವೆಂಬರ್‌ನಲ್ಲಿ ಬಂಕಿಗೆ, ಮನೆಗೆ ಗ್ಯಾಸ್ ಕೊಡುವ ಸಿಟಿ ಗ್ಯಾಸ್ ಕಂಪನಿಗಳಿಗೆ ಸಿಗ್ತಿದ್ದ ಈ ಅಗ್ಗದ ಗ್ಯಾಸಿನ ಪಾಲನ್ನು ಸರ್ಕಾರ ಎರಡು ಸಲ ಕತ್ತರಿಸಿತು. ಉಳಿದದ್ದಕ್ಕೆ ಹೊಸ ಬಾವಿಯ ಗ್ಯಾಸ್, ಇಲ್ಲಾಂದ್ರೆ ದ್ರವ ಮಾಡಿ ಹಡಗಿನಲ್ಲಿ ತರುವ ಗ್ಯಾಸ್, ಅಂದ್ರೆ ಎಲ್‌ಎನ್‌ಜಿ ಕೊಳ್ಳಬೇಕು. ಹಳೇ ಗ್ಯಾಸಿಗೆ ರೇಟ್ ಕಚ್ಚಾ ತೈಲದ ಬೆಲೆಯ ಶೇ 10, ಹೊಸ ಬಾವಿಯದಕ್ಕೆ ಶೇ 12. ಹೊಸದಕ್ಕೆ ಈ ಮಿತಿ ಇಲ್ಲ.

ಮಂಗಳೂರಿಗ: ಹಾಗಿದ್ರೆ ಮಿತಿ ತೆಗೆಯುವುದೇ ಸರಿ. 2020ರ ಅಕ್ಟೋಬರ್‌ನಲ್ಲಿ ಇದೇ ಗ್ಯಾಸಿಗೆ 1.79 ಡಾಲರ್ ಕೊಟ್ಟರು. ಆ ದುಡ್ಡಿಗೆ ಸಮುದ್ರದಲ್ಲಿ ಬಾವಿ ಕೊರೆಯೋರು ಯಾರು?

ಸುಮಾ: 2022ರ ಅಕ್ಟೋಬರ್‌ನಲ್ಲಿ 8.57 ಆಗಿದ್ದು ಮರೆತ್ರಾ? ಆಗ ಅಮೆರಿಕ, ಕೆನಡಾ, ಬ್ರಿಟನ್, ರಷ್ಯಾದ ಬೆಲೆ ನೋಡಿ ನಮ್ಮ ಗ್ಯಾಸಿಗೆ ರೇಟ್ ಕಟ್ಟುತ್ತಿದ್ದರು. ನಮ್ಮ ನೆಲದ ಗ್ಯಾಸಿಗೆ ಉಕ್ರೇನ್ ಯುದ್ಧದ ಬೆಲೆ ನಾವ್ಯಾಕೆ ಕೊಡಬೇಕು? ಈಗ ಕೆಳಗಡೆ 4 ಡಾಲರ್ ಕನಿಷ್ಠ ಬೆಲೆಯೂ ಇದೆ. ಕಂಪನಿಗೆ ಮೋಸ ಏನಿಲ್ಲ.

ಮಂಡ್ಯದ ರೈತ: ಯೂರಿಯಾ ಮಾಡುವುದೂ ಗ್ಯಾಸಿನಿಂದಲೇ. 45 ಕೆಜಿ ಚೀಲಕ್ಕೆ 242 ರೂಪಾಯಿ, ಬೇವಿನ ಲೇಪನ, ತೆರಿಗೆ ಬೇರೆ. ಗ್ಯಾಸ್ ಎಷ್ಟೇ ಏರಲಿ, ನಮಗೆ ಅಷ್ಟೇ. ವ್ಯತ್ಯಾಸ ಸಬ್ಸಿಡಿಗೆ ಹೋಗುತ್ತೆ. ಮಿತಿ ತೆಗೆದರೆ ಆ ದುಡ್ಡು ಎಲ್ಲಿಂದ ತರ್ತೀರಿ ಅಂತಲೂ ಹೇಳಿ.

ಲೆಕ್ಕದ ಮೇಷ್ಟ್ರು: ನನ್ನ ಪ್ರಕಾರ ಮಿತಿಗಿಂತ ಖರೀದಿ ಮುಖ್ಯ. ಗ್ಯಾಸ್ ಆಮದು ಮಾಡುವ ಪೆಟ್ರೋನೆಟ್ ಕಂಪನಿಗೆ ಕತಾರಿನಿಂದ ವರ್ಷಕ್ಕೆ 75 ಲಕ್ಷ ಟನ್ ಎಲ್‌ಎನ್‌ಜಿ ತರುವ ಒಪ್ಪಂದ ಇದೆ. 2024ರ ಫೆಬ್ರವರಿಯಲ್ಲಿ ಆ ಒಪ್ಪಂದ 2048ರ ತನಕ ಮುಂದುವರಿಯಿತು. 2015ರಲ್ಲಿ ಬೆಲೆ ಬಿದ್ದಾಗ ಮಾತಾಡಿ ಬೆಲೆ ಕಟ್ಟುವ ಸೂತ್ರವನ್ನೇ ಬದಲಿಸಿದ್ದರು. ದಿನದ ಮಾರುಕಟ್ಟೆಯಲ್ಲಿ ಕೊಳ್ಳೋರಿಗೆ ಆ ಅವಕಾಶ ಇಲ್ಲ.

ಮಂಗಳೂರಿಗ: ಒಪ್ಪಂದ ಇದ್ದರೆ ಗ್ಯಾಸ್ ಬಂದೇ ಬರುತ್ತೆ ಅಂತೇನಿಲ್ಲ ಮೇಷ್ಟ್ರೇ. ನಮ್ಮ ಸರ್ಕಾರಿ ಗ್ಯಾಸ್ ಕಂಪನಿ ಗೇಲ್‌ಗೆ ರಷ್ಯಾದ ಗಾಜ್‌ಪ್ರೋಮ್‌ನ ಸಿಂಗಾಪುರ ಕಂಪನಿ ಜೊತೆ 20 ವರ್ಷದ ಒಪ್ಪಂದ ಇತ್ತು. 2022ರಲ್ಲಿ ಹಡಗುಗಳೇ ನಿಂತವು. ಕತಾರಿನ ಹಡಗೂ ಇರಾನ್ ಪಕ್ಕದ ಹೊರ್ಮುಜ್ ಜಲಸಂಧಿ ದಾಟಿಯೇ ಬರಬೇಕು.

ಲೆಕ್ಕದ ಮೇಷ್ಟ್ರು: ಅದಕ್ಕೇ ಒಂದೇ ಕಡೆ ನೆಚ್ಚಿಕೊಳ್ಳಬಾರದು ಅನ್ನೋದು. ನಾಲ್ಕು ದೇಶದಿಂದ ದೀರ್ಘಾವಧಿಗೆ ಕೊಳ್ಳಲಿ.

ಪೀಣ್ಯದ ಆಟೋ: ಪೈಪ್‌ಲೈನ್ ಬಾಡಿಗೆ ನಿಗದಿ ಮಾಡೋಕೆ ಪಿಎನ್‌ಜಿಆರ್‌ಬಿ ಅನ್ನೋ ನಿಯಂತ್ರಣ ಮಂಡಳಿ ಇದೆ. ಬಂಕಿನ ರೇಟ್ ಕೇಳೋರು ಯಾರು? ಗ್ಯಾಸ್ ಜಿಎಸ್‌ಟಿಯಲ್ಲೂ ಇಲ್ಲ. ಅಗ್ಗದ ಗ್ಯಾಸ್ ಎಷ್ಟು, ಆಮದು ಎಷ್ಟು, ತೆರಿಗೆ ಎಷ್ಟು ಅಂತ ಬಂಕಿನ ಬೋರ್ಡ್ ಮೇಲೆ ತಿಂಗಳು ತಿಂಗಳು ಬರೆದು ಹಾಕಲಿ. ಆಮೇಲೆ ರೇಟ್ ಏರಿಸಿದ್ದು ಸರಿನಾ ಅಂತ ನಾವೇ ಲೆಕ್ಕ ಹಾಕ್ತೀವಿ.