‘ಸಾಲೆಮ್ನೈಜ್’ ಅಂದರೆ ಏನು? ಅನುವಾದಕರಿಗೆ ನಿಮ್ಮ ಪ್ರಶ್ನೆಗಳು

ಅಡ್ಮಿನ್: ಮದುವೆ, ನಾಮಕರಣ, ಗೃಹಪ್ರವೇಶಗಳ ಇಂಗ್ಲಿಷ್ ಪದಗಳ ಬಗ್ಗೆ ಇವತ್ತು ಕೇಳಬಹುದು. ಉತ್ತರಿಸುವವರು ವಕೀಲರು. ಕೋರ್ಟು ಮತ್ತು ವೀಸಾ ದಾಖಲೆಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ತುಮಕೂರಿನ ಸದಸ್ಯ: ಮದುವೆ ಸರ್ಟಿಫಿಕೇಟಿನಲ್ಲಿ ‘ಸಾಲೆಮ್ನೈಜ್ಡ್’ ಅಂತ ಇದೆ. ಅರ್ಥ ಏನು? ಬೇರೆ ಕಡೆ ಬಳಸಬಹುದಾ?

ಅನುವಾದಕರು: ಶಾಸ್ತ್ರ ಅಥವಾ ವಿಧಿಯ ಪ್ರಕಾರ ನೆರವೇರಿಸುವುದು. ‘ಸಾಲೆಮ್’ ಅಂದರೆ ಗಂಭೀರ. ಅದರ ಕೊನೆಯ ‘ಎನ್’ ಕೇಳಿಸುವುದಿಲ್ಲ, ‘ಸಾಲೆಮ್ನೈಜ್’ ಅನ್ನುವಾಗ ಕೇಳಿಸುತ್ತದೆ. ಬಹುಪಾಲು ಮದುವೆಗೇ ಬಳಸುವ ಪದ. ಪುರೋಹಿತರೋ ಪಾದ್ರಿಯೋ ಅಧಿಕಾರಿಯೋ ಮದುವೆಯನ್ನು ಸಾಲೆಮ್ನೈಜ್ ಮಾಡುತ್ತಾರೆ. ಊಟಕ್ಕೆ ಬಂದವರು ಮಾಡುವುದಿಲ್ಲ. ಗೃಹಪ್ರವೇಶ, ಹುಟ್ಟುಹಬ್ಬಕ್ಕೆ ಬೇಡ.

ಶಿವಮೊಗ್ಗದ ಸದಸ್ಯೆ: ಸ್ಪೆಲ್ಲಿಂಗಿನಲ್ಲಿ ‘ಎಸ್’ ಸರಿಯೋ ‘ಝಡ್’ ಸರಿಯೋ?

ಅನುವಾದಕರು: ಎರಡೂ ಸರಿ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ‘ಝಡ್’ ಇದೆ.

ಹಾಸನದ ಸದಸ್ಯ: ಸಮಾರಂಭಗಳ ಇಂಗ್ಲಿಷ್ ಪದಗಳ ಒಂದು ಪಟ್ಟಿ ಎಲ್ಲ ಗ್ರೂಪಲ್ಲೂ ಓಡಾಡ್ತಿದೆ. ನಾಮಕರಣಕ್ಕೆ ‘ಕ್ರಿಸನಿಂಗ್’, ಉತ್ತರಕ್ರಿಯೆಗೆ ‘ಲಾಸ್ಟ್ ರೈಟ್ಸ್’ ಅಂತ ಕೊಟ್ಟಿದ್ದಾರೆ. ಕಾರ್ಡಿಗೆ ಹಾಕಿಸಲಾ?

ಅನುವಾದಕರು: ಹಾಕಿಸಬೇಡಿ. ಕ್ರಿಸನಿಂಗ್ ಅಂದರೆ ಕ್ರೈಸ್ತ ಮಗುವಿಗೆ ದೀಕ್ಷಾಸ್ನಾನ ಮಾಡಿಸಿ ಹೆಸರಿಡುವುದು. ನಿಮ್ಮದು ‘ನೇಮಿಂಗ್ ಸೆರೆಮನಿ’. ಲಾಸ್ಟ್ ರೈಟ್ಸ್ ಅನ್ನು ನಮ್ಮ ಪತ್ರಿಕೆಗಳು ಅಂತ್ಯಕ್ರಿಯೆಗೆ ಬಳಸುತ್ತವೆ. ಆದರೆ ಕ್ಯಾಥೊಲಿಕರಲ್ಲಿ ಅದು ಸಾಯುವ ಮುಂಚೆ ಕೊಡುವ ಸಂಸ್ಕಾರ. ವಿದೇಶದ ಕಂಪನಿಗೆ ರಜೆ ಪತ್ರ ಬರೆಯುವಾಗ ‘ಫ್ಯೂನರಲ್’ ಅನ್ನಿ. ವೈಕುಂಠ ಸಮಾರಾಧನೆಯನ್ನು ಹಾಗೇ ಬರೆದು, ಯಾವ ದಿನದ ಕ್ರಿಯೆ ಅಂತ ಒಂದು ಸಾಲು ಸೇರಿಸಿ. ಪಟ್ಟಿ ಮಾಡಿದವರಿಗೆ ಎರಡು ಧರ್ಮದ ಆಚರಣೆಯೂ ಗೊತ್ತಿಲ್ಲ. ದಯವಿಟ್ಟು ಮುಂದೆ ಕಳಿಸಬೇಡಿ.

ಬಳ್ಳಾರಿಯ ಸದಸ್ಯ: ಸೀಮಂತಕ್ಕೆ ‘ಬೇಬಿ ಶವರ್’ ಅನ್ನಬಹುದಾ?

ಮೈಸೂರಿನ ಸದಸ್ಯೆ: ನನ್ನ ತಂಗಿಗೆ ನಿಶ್ಚಿತಾರ್ಥ ಆಗಿದೆ. ಹುಡುಗ ಟೊರೊಂಟೊದಲ್ಲಿ ಇದ್ದಾನೆ. ವೀಸಾ ಬೇಗ ಆಗಲಿ ಅಂತ ಈಗಲೇ ಹಿಂದೂ ವಿವಾಹ ಅಂತ ರಿಜಿಸ್ಟರ್ ಮಾಡಿಸಿ, ಧಾರೆ ಮುಂದಿನ ವರ್ಷ ಇಟ್ಟುಕೊಳ್ಳೋಣ ಅಂತ ಅಪ್ಪ ಹೇಳುತ್ತಿದ್ದಾರೆ. ಫಾರ್ಮಿನಲ್ಲಿ ‘ಡೇಟ್ ಆಫ್ ಸಾಲೆಮ್ನೈಜೇಷನ್’ ಅಂತ ಕೇಳಿದೆ. ಏಜೆಂಟ್ ಅಲ್ಲಿ ನಿಶ್ಚಿತಾರ್ಥದ ದಿನಾಂಕ ತುಂಬಿಸಿದ್ದಾನೆ. ಸರಿ ಅಲ್ವಾ?

ಅನುವಾದಕರು: ಸರಿ ಇಲ್ಲ. ಆ ಫಾರ್ಮ್ ಕೊಡಬೇಡಿ. ಉಳಿದ ಪ್ರಶ್ನೆಗಳು ಕಾಯಲಿ, ಇದನ್ನು ಪೂರ್ತಿ ಹೇಳುತ್ತೇನೆ.

ಆ ಜಾಗದಲ್ಲಿ ಕೇಳಿರುವುದು ಮದುವೆಯ ಶಾಸ್ತ್ರ ನಡೆದ ದಿನ. ನಿಶ್ಚಿತಾರ್ಥ ಮದುವೆ ಅಲ್ಲ. ಆ ದಿನಾಂಕ ಬರೆದರೆ, ನಡೆಯದ ಮದುವೆ ನಡೆದಿದೆ ಅಂತ ನಿಮ್ಮ ತಂಗಿ ಸಹಿ ಹಾಕಿ ಹೇಳಿದ ಹಾಗೆ.

1955ರ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಹುಡುಗ ಅಥವಾ ಹುಡುಗಿ ಕಡೆಯ ಪದ್ಧತಿಯಂತೆ ಶಾಸ್ತ್ರ ನಡೆಯಬೇಕು. ಆ ಪದ್ಧತಿಯಲ್ಲಿ ಸಪ್ತಪದಿ ಇದ್ದರೆ, ಏಳನೇ ಹೆಜ್ಜೆಗೆ ಮದುವೆ ಪೂರ್ತಿಯಾಗುತ್ತದೆ. ಎಲ್ಲರ ಪದ್ಧತಿಯಲ್ಲೂ ಸಪ್ತಪದಿ ಇರಲೇಬೇಕು ಅಂತಿಲ್ಲ. 8ನೇ ಸೆಕ್ಷನ್ ನೋಂದಣಿಯದು. ಆದ ಮದುವೆಗೆ ಅದು ಪುರಾವೆ. ಆಗದ ಮದುವೆಯನ್ನು ಅದು ಮಾಡಿಸುವುದಿಲ್ಲ.

ಸಾಲೆಮ್ನೈಜ್ ಅಂದರೆ ಸರಿಯಾದ ವಿಧಿಗಳೊಂದಿಗೆ ಮದುವೆ ನೆರವೇರಿಸುವುದು ಅಂತ ಸುಪ್ರೀಂ ಕೋರ್ಟ್ 1965ರಲ್ಲೇ ಹೇಳಿದೆ. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಮುಂದೆ ಬಂದ ಕೇಸು ಹೆಚ್ಚುಕಡಿಮೆ ನಿಮ್ಮದೇ. ಅದರಲ್ಲಿ ಹುಡುಗ, ಹುಡುಗಿ ಇಬ್ಬರೂ ಪೈಲಟ್‌ಗಳು. ಮೊದಲು ಸರ್ಟಿಫಿಕೇಟ್ ಮಾಡಿಸಿ, ಶಾಸ್ತ್ರಕ್ಕೆ ಮುಂದಿನ ದಿನಾಂಕ ಇಟ್ಟುಕೊಂಡಿದ್ದರು. ಅಷ್ಟರಲ್ಲಿ ಮನಸ್ತಾಪ ಬಂತು. ಶಾಸ್ತ್ರ ನಡೆದೇ ಇಲ್ಲದ ಕಾರಣ ಅದು ಹಿಂದೂ ವಿವಾಹವೇ ಅಲ್ಲ, ಸರ್ಟಿಫಿಕೇಟೂ ಊರ್ಜಿತವಲ್ಲ ಅಂತ ಕೋರ್ಟ್ ಹೇಳಿತು. ವೀಸಾಗೆ ಅಂತ ಹೀಗೆ ನೋಂದಣಿ ಮಾಡಿಸುವ ಅಭ್ಯಾಸವನ್ನೂ ಅಲ್ಲಿ ತಪ್ಪು ಅಂದಿದ್ದಾರೆ.

ನಿಮಗೆ ಎರಡು ದಾರಿ ಇವೆ. ಮನೆಯವರಷ್ಟೇ ಸೇರಿ ಈಗಲೇ ಧಾರೆ ಮುಗಿಸಿ, ಫೋಟೊ ಇಟ್ಟುಕೊಂಡು, ಅದೇ ದಿನಾಂಕ ಬರೆಯಿರಿ. ಇಲ್ಲವಾದರೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಿ. ಅಲ್ಲಿ 30 ದಿನದ ನೋಟಿಸ್ ಇರುತ್ತದೆ. ಆಮೇಲೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಇಬ್ಬರೂ ಒಪ್ಪಿಗೆಯ ಮಾತು ಹೇಳುತ್ತಾರೆ. ಅದೇ ಅಲ್ಲಿ ಸಾಲೆಮ್ನೈಜೇಷನ್. ಮುಂದಿನ ವರ್ಷ ಛತ್ರದಲ್ಲಿ ಧಾರೆ ಮಾಡಲು ಅಡ್ಡಿಯಿಲ್ಲ.

ಮಂಡ್ಯದ ಸದಸ್ಯ: ಇಷ್ಟು ಹೆದರಿಸೋದು ಬೇಡ ಮೇಡಂ. ‘ಸಾಲೆಮ್ನೈಜ್ ಅಂದರೆ ನೋಂದಣಿ ಅಂತಲೇ ಅರ್ಥ, ಸರ್ಟಿಫಿಕೇಟ್ ಇದ್ದರೆ ಸಾಕು’ ಅಂತ ವಕೀಲರ ಗ್ರೂಪಿನಿಂದಲೇ ಮೆಸೇಜ್ ಬಂದಿದೆ. ಕೆಳಗೆ ಹಾಕ್ತೀನಿ ನೋಡಿ.

ಅನುವಾದಕರು: ಹಾಕಬೇಡಿ. ಆ ಮೆಸೇಜ್ ನಂಬಿ ಸಹಿ ಹಾಕಿದ ಹುಡುಗಿ ನಾಳೆ ಜೀವನಾಂಶ ಕೇಳಲು ಹೋದರೆ, ‘ಮದುವೆಯೇ ಆಗಿಲ್ಲ’ ಅಂತ ಎದುರು ವಕೀಲರು ವಾದಿಸುತ್ತಾರೆ.

ಚಿಕ್ಕಮಗಳೂರಿನ ಸದಸ್ಯ: ಹಾಗಾದರೆ ಮಂತ್ರಮಾಂಗಲ್ಯ ಮದುವೆ ಮದುವೆಯಲ್ಲವೇ? ಕುವೆಂಪು ತಮ್ಮ ಮಗನಿಗೇ ಹಾಗೆ ಮದುವೆ ಮಾಡಿಸಿದರು.

ಮಂಡ್ಯದ ಸದಸ್ಯ: ಅಗ್ನಿ ಇಲ್ಲ, ಪುರೋಹಿತರಿಲ್ಲ. ಅದೆಂಥ ಶಾಸ್ತ್ರ?

ಚಿಕ್ಕಮಗಳೂರಿನ ಸದಸ್ಯ: ಸಾಲ ಮಾಡಿ ಛತ್ರ ಹಿಡಿದು ಮೂರು ಬಗೆ ಪಾಯಸ ಹಾಕಿದರೆ ಶಾಸ್ತ್ರವಾ? ನಾನು ಮಂತ್ರಮಾಂಗಲ್ಯವಾದವನು. ಮಾತು ನೋಡಿಕೊಂಡು ಆಡಿ.

ಮಂಡ್ಯದ ಸದಸ್ಯ: ಸರ್ಟಿಫಿಕೇಟ್ ಸಾಕು ಅಂದದ್ದೂ ತಪ್ಪು, ಅಗ್ನಿ ಬೇಕು ಅಂದದ್ದೂ ತಪ್ಪು. ಇಲ್ಲಿ ಮಾತಾಡೋದೇ ತಪ್ಪು.

ಅನುವಾದಕರು: ಇಬ್ಬರೂ ನಿಲ್ಲಿಸಿ. ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ತಮಿಳುನಾಡು 1967ರ ತಿದ್ದುಪಡಿಯಲ್ಲಿ 7-ಎ ಸೆಕ್ಷನ್ ಸೇರಿಸಿತು. ಅದು ನಮ್ಮ ರಾಜ್ಯದ ಕಾನೂನಲ್ಲ. ಮಂತ್ರಮಾಂಗಲ್ಯವಾದವರು ವಿಶೇಷ ವಿವಾಹ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ನೋಂದಣಿ ಮಾಡಿಸಿಕೊಳ್ಳಿ. ಬೇರೆ ರೂಪದಲ್ಲಿ ಆದ ಮದುವೆಗೆ ಅಂತಲೇ ಅದು ಇದೆ. ಆ ಮದುವೆಯ ಬಗ್ಗೆ ನನಗೆ ತುಂಬಾ ಗೌರವ ಇದೆ. ಅದಕ್ಕೇ ಕಾಗದ ಗಟ್ಟಿಯಾಗಿರಲಿ ಅನ್ನುತ್ತಿದ್ದೇನೆ.

ರಾಯಚೂರಿನ ಸದಸ್ಯೆ: ಸಾಲೆಮ್ನೈಜ್ ಅಂದರೆ ಏನು ಮೇಡಂ?

ಅನುವಾದಕರು: ಮೇಲೆ ಹೇಳಿದ್ದೇನೆ. ಓದಿ.

ಹುಬ್ಬಳ್ಳಿಯ ಸದಸ್ಯ: ‘ಹೌಸ್‌ವಾರ್ಮಿಂಗ್’ ಒಂದೇ ಪದವೋ ಎರಡೋ? ಕಾರ್ಡ್ ನಾಳೆ ಪ್ರಿಂಟಿಗೆ ಹೋಗ್ತಿದೆ.

ಮೈಸೂರಿನ ಸದಸ್ಯೆ: ಅಪ್ಪನಿಗೆ ಓದಿ ಹೇಳಿದೆ. ಏಜೆಂಟ್ ‘ಎಲ್ಲರೂ ಹೀಗೇ ಮಾಡೋದು, ಸುಮ್ನೆ ತಲೆ ಕೆಡಿಸಿಕೊಳ್ತೀರಿ’ ಅಂದ. ಆದರೂ ಫಾರ್ಮ್ ವಾಪಸ್ ತೆಗೆದುಕೊಂಡೆವು. ವಿಶೇಷ ವಿವಾಹವೇ ಆಗಲಿ ಅಂತ ತಂಗಿ ಹೇಳಿದಳು. ನೋಟಿಸ್ ಕೊಡುವ ಮುಂಚೆ ಹುಡುಗನೂ 30 ದಿನ ಇಲ್ಲೇ ಇರಬೇಕಾ?

ಅನುವಾದಕರು: ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ ಅಷ್ಟು ದಿನ ಇದ್ದರೆ ಸಾಕು. ನಿಮ್ಮ ತಂಗಿ ಮೈಸೂರಿನಲ್ಲೇ ಇದ್ದಾಳಲ್ಲ, ಅವಳ ವಿಳಾಸದ ದಾಖಲೆ ಸಿದ್ಧ ಮಾಡಿ. ಮದುವೆಯ ದಿನ ಇಬ್ಬರೂ ಅಧಿಕಾರಿಯ ಮುಂದೆ ಇರುವ ಹಾಗೆ ಹುಡುಗನಿಗೆ ಈಗಲೇ ರಜೆ ಹಾಕಲು ಹೇಳಿ.