‘ಹತ್ತು ಬಾಣ’ದ ಜನರನ್ನು ಬುಡಕಟ್ಟು ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಧ್ಯ ಏಷ್ಯಾದ ಹಳೆಯ ತುರ್ಕರ ಬಗ್ಗೆ ಒಂದು ಚಿಕ್ಕ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಅವರ ಹೆಸರೇ. ಮಂಗೋಲಿಯಾದ ಒರ್ಖೋನ್ ಕಣಿವೆಯಲ್ಲಿ ಕ್ಯುಲ್ ತೆಗಿನ್ ಎಂಬ ತುರ್ಕ ರಾಜಕುಮಾರನ ನೆನಪಿಗೆ 732ರಲ್ಲಿ ನೆಟ್ಟ ಕಲ್ಲೊಂದಿದೆ. ‘ತುರ್ಕಿಯವರು ನೆಟ್ಟ ಕಲ್ಲು’ ಎಂದು ಬರೆದಿದ್ದೆ. ಮಗಳು ಓದಿ, “ಇಸ್ತಾಂಬುಲ್‌ನಿಂದ ಅಲ್ಲಿವರೆಗೂ ಹೋಗಿದ್ರಾ?” ಅಂದಳು. ತಪ್ಪು ನನ್ನದೇ. ಸೆಲ್ಜೂಕರೆಂಬ ತುರ್ಕರು ಮಂಜಿಕರ್ಟ್‌ನಲ್ಲಿ ಗೆದ್ದು ಅನಟೋಲಿಯಾಕ್ಕೆ, ಅಂದರೆ ಈಗಿನ ತುರ್ಕಿಯ ನೆಲಕ್ಕೆ, ದಾರಿ ಮಾಡಿಕೊಂಡದ್ದೇ 1071ರಲ್ಲಿ. ಹಾಗಾಗಿ ಆ ದೇಶದವರಿಗೆ ‘ತುರ್ಕಿಯವರು’, ಇಡೀ ಬಳಗಕ್ಕೆ ‘ತುರ್ಕರು’ ಎಂದು ಇಟ್ಟುಕೊಂಡೆ. ‘ತುರುಷ್ಕ’ ಬೇಡ. ಕಾಶ್ಮೀರದ ಚರಿತ್ರೆ ಬರೆದ ಕಲ್ಹಣ ಕುಷಾಣರ ದೊರೆ ಕನಿಷ್ಕನನ್ನೂ ಅದರಲ್ಲೇ ಸೇರಿಸಿಬಿಟ್ಟಿದ್ದಾನೆ. ‘ತುರುಕ’ವಂತೂ ನಮ್ಮಲ್ಲಿ ಮುಸ್ಲಿಮರಿಗೆಲ್ಲ ಅಂಟಿಕೊಂಡು ಬೈಗುಳದ ಹಾಗೆ ಕೇಳಿಸುತ್ತದೆ. ಆ ಕಲ್ಲು ನೆಟ್ಟವರೋ ತೆಂಗ್ರಿಯನ್ನು, ಅಂದರೆ ಆಕಾಶವನ್ನು ನಂಬಿದವರು.

ನಿಜವಾದ ತೊಡಕು ಎರಡನೆಯದು. ಪಶ್ಚಿಮದ ತುರ್ಕರಿಗೆ ‘ಒನ್ ಒಕ್’ ಎಂಬ ಹೆಸರಿತ್ತು. ಹತ್ತು ಬಾಣ ಎಂದರ್ಥ. 635ರ ಸುಮಾರಿಗೆ ಅವರ ಕಗಾನ, ಅಂದರೆ ದೊರೆ, ಜನರನ್ನು ಹತ್ತು ಪಾಲು ಮಾಡಿ, ಒಬ್ಬೊಬ್ಬ ನಾಯಕನ ಕೈಗೆ ಒಂದೊಂದು ಬಾಣ ಕೊಟ್ಟನಂತೆ. ಚೀನೀ ದಾಖಲೆಗಳು ಹೇಳುವ ಕತೆ ಇದು. ಐದು ಪಾಲು ಸುಯಾಬ್ ಪಟ್ಟಣದ ಪೂರ್ವಕ್ಕೆ, ಐದು ಪಶ್ಚಿಮಕ್ಕೆ. ಸುಯಾಬ್ ಇದ್ದದ್ದು ಈಗಿನ ಕಿರ್ಗಿಜ್‌ಸ್ತಾನದ ಟೋಕ್ಮೋಕ್ ಹತ್ತಿರ. ‘ಒಕ್’ ಅಂದರೆ ಬಾಣವೂ ಹೌದು, ಆ ಪಾಲೂ ಹೌದು.

ಇದಕ್ಕೆ ಏನನ್ನೋಣ? ಕೈಗೆ ಮೊದಲು ಸಿಗುವುದು ‘ಬುಡಕಟ್ಟು’. ಆದರೆ ಬುಡಕಟ್ಟು ಅಂದಕೂಡಲೇ ನನ್ನ ಕಣ್ಣಿಗೆ ಬರುವುದು ಬಿಳಿಗಿರಿಯ ಕಾಡು, ಸೋಲಿಗರ ಪೋಡು. ಇವರು ಕುದುರೆ ಮೇಲೆ ಕೂತು ಹುಲ್ಲುಬಯಲು ಆಳಿದವರು, ಸಮರ್ಕಂದದಂಥ ವ್ಯಾಪಾರದ ಊರುಗಳನ್ನು ಕೈಕೆಳಗೆ ಇಟ್ಟುಕೊಂಡವರು. ‘ಪಂಗಡ’ ಸಪ್ಪೆ. ಹಾಸನದ ಕಡೆಯ ಗೆಳೆಯರೊಬ್ಬರು ‘ಕಟ್ಟೆಮನೆ’ ಅಂದರು. ಚೆನ್ನಾಗಿದೆ, ಆದರೆ ಗುಡಾರದಲ್ಲಿ ಇರುವವರಿಗೆ ಕಟ್ಟೆ ಎಲ್ಲಿ, ಮನೆ ಎಲ್ಲಿ!

ನನಗೆ ಹಿಡಿಸಿರುವುದು ‘ಬಣ’. ಬಣಕ್ಕೊಬ್ಬ ಮುಖಂಡ ಇರುತ್ತಾನೆ, ಬೇಕಾದಾಗ ಕೂಡುತ್ತದೆ, ಬೇಡವಾದಾಗ ಒಡೆಯುತ್ತದೆ. ‘ಹತ್ತು ಬಾಣ, ಹತ್ತು ಬಣ’ ಎಂದರೆ ಕಿವಿಗೂ ಹಿತ. ಇದು ಸುಮ್ನೆ ಪ್ರಾಸ, ಎರಡು ಪದಕ್ಕೂ ನಂಟು ಕಟ್ಟುತ್ತಿಲ್ಲ. ಆದರೆ ಈಗ ಬಣ ಅಂದರೆ ಪಕ್ಷದೊಳಗಿನ ಜಗಳವೇ ಜಾಸ್ತಿ ನೆನಪಾಗುತ್ತದೆ, ಅಲ್ವಾ? ನಿಮ್ಮ ಕಡೆ ಕುಲದೊಳಗಿನ ಪಾಲಿಗೆ ಇನ್ನೂ ‘ಬಣ’ ಅನ್ನುತ್ತಾರಾ? ಅನ್ನುವುದಾದರೆ ಒಂದೆರಡು ಮಾತು ಹಾಗೇ ಬರೆದು ಕಳಿಸಿ.