ಚಿಕನ್ ಕೈಮಾ ಉಂಡೆ ಸೂಪಿನಲ್ಲಿ ಒಡೆದುಹೋಗುತ್ತಿದೆ, ತಪ್ಪೆಲ್ಲಿ?

ಪ್ರಶ್ನೆ

ಮಟನ್ ಕೈಮಾ ಉಂಡೆ ಸಾರು ಸರಿಯಾಗಿ ಬರುತ್ತದೆ. ಅದೇ ಅಳತೆಯಲ್ಲಿ ಚಿಕನ್ ಉಂಡೆ ಕಟ್ಟಿ ತರಕಾರಿ ಸೂಪಿಗೆ ಬಿಟ್ಟರೆ ಅರ್ಧ ಉಂಡೆಗಳು ಪುಡಿಯಾಗುತ್ತವೆ, ಉಳಿದವು ರಬ್ಬರಿನಂತೆ ಗಟ್ಟಿ. ಸೂಪು ಕೂಡ ನೀರು ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡುತ್ತದೆ. ಅರ್ಧ ಕೆಜಿ ಬ್ರೆಸ್ಟ್, ಅಂಗಡಿಯಲ್ಲೇ ಕೈಮಾ ಮಾಡಿಸಿ, ಮನೆಯಲ್ಲಿ ತೊಳೆದದ್ದು. ಒಂದು ದೊಡ್ಡ ಹಸಿ ಈರುಳ್ಳಿ, ಒಂದು ಮೊಟ್ಟೆ, ಒಂದು ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎರಡು ಚಮಚ ಹುರಿಗಡಲೆ ಪುಡಿ. ಉಪ್ಪು ಸೂಪಿಗೆ ಮಾತ್ರ. ರಾತ್ರಿ ಕಲಸಿ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ ಕುದಿಯುವ ನೀರಿಗೆ ಬಿಡುವುದು. ಮಕ್ಕಳು ಕುಡಿಯುವಂಥ, ಖಾರವಿಲ್ಲದ ತಿಳಿ ಸೂಪು ಬೇಕು. ಎಲ್ಲಿ ಬದಲಾಯಿಸಲಿ?

ಉತ್ತರ 1

ಮೊದಲ ತಪ್ಪು ಕೈಮಾ ತೊಳೆದದ್ದು. ತೊಳೆಯುವುದಿದ್ದರೆ ತುಂಡುಗಳಿರುವಾಗಲೇ ತೊಳೆದು, ನೀರು ಬಸಿದು, ಬಟ್ಟೆಯಲ್ಲಿ ಒತ್ತಿ ಒರೆಸಿ. ಕೈಮಾ ಆದಮೇಲೆ ತೊಳೆದರೆ ನೀರೆಲ್ಲ ಅದರಲ್ಲೇ ಉಳಿಯುತ್ತದೆ, ಅಂಟು ಹೊರಗೆ ಹೋಗುತ್ತದೆ.

ಎರಡನೆಯದು ಉಪ್ಪು. ಇದನ್ನು ರುಚಿಗೆ ಮಾತ್ರ ಅಂದುಕೊಳ್ಳಬೇಡಿ. ಮಾಂಸದ ಪ್ರೋಟೀನನ್ನು ಕರಗಿಸಿ ಅಂಟಾಗಿಸುವುದೇ ಉಪ್ಪು. ಆ ಅಂಟೇ ಬೆಂದಾಗ ಹೆಪ್ಪುಗಟ್ಟಿ ಉಂಡೆಯನ್ನು ಹಿಡಿದಿಡುತ್ತದೆ. ಅರ್ಧ ಕೆಜಿಗೆ 7 ಗ್ರಾಂ, ಅಂದರೆ ಸುಮಾರು ಒಂದೂಕಾಲು ಟೀ ಚಮಚ ಪುಡಿ ಉಪ್ಪು. ಬೇರೇನನ್ನೂ ಸೇರಿಸುವ ಮೊದಲು ಬರೀ ಉಪ್ಪು ಹಾಕಿ ಒಂದೇ ದಿಕ್ಕಿನಲ್ಲಿ 3–4 ನಿಮಿಷ ನಾದಿ. ಕೈಗೆ ಅಂಟಬೇಕು, ಎಳೆದರೆ ಎಳೆ ಎಳೆಯಾಗಿ ಬರಬೇಕು. ಅಲ್ಲಿಯವರೆಗೆ ನಿಲ್ಲಿಸಬೇಡಿ.

ಬ್ರೆಸ್ಟ್ ಬದಲು ಮೂಳೆ ತೆಗೆದ ತೊಡೆ ಮಾಂಸ ತನ್ನಿ, ಕನಿಷ್ಠ ಅರ್ಧದಷ್ಟಾದರೂ. ಬ್ರೆಸ್ಟಿನಲ್ಲಿ ಕೊಬ್ಬು ತೀರ ಕಡಿಮೆ, ಅದಕ್ಕೇ ರಬ್ಬರು. ಮಾಂಸವನ್ನು ಒಂದಿಂಚಿನ ತುಂಡು ಮಾಡಿ 20 ನಿಮಿಷ ಫ್ರೀಜರಿನಲ್ಲಿಟ್ಟು, ಮಿಕ್ಸಿಯಲ್ಲಿ ಸ್ವಲ್ಪಸ್ವಲ್ಪವೇ ಹಾಕಿ ಬಿಟ್ಟುಬಿಟ್ಟು ತಿರುಗಿಸಿ. ಮಿಕ್ಸಿ ಒಂದೇ ಸಮ ಓಡಿದರೆ ಮಾಂಸ ಬಿಸಿಯಾಗಿ ಕೊಬ್ಬು ಕರಗುತ್ತದೆ. ಹಾಗಾದ ಕೈಮಾ ಎಷ್ಟು ನಾದಿದರೂ ಕೂಡಿಕೊಳ್ಳುವುದಿಲ್ಲ.

ಹಸಿ ಈರುಳ್ಳಿ ನೀರು ಬಿಡುತ್ತದೆ. ಅರ್ಧ ಈರುಳ್ಳಿ ಸಾಕು. ಸಣ್ಣಗೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ಪೂರ್ತಿ ಆರಿಸಿ ಹಾಕಿ. ಮೊಟ್ಟೆ ಬೇಡವೇ ಬೇಡ, ಮಿಶ್ರಣ ಸಡಿಲವಾಗುತ್ತದೆ.

ಉತ್ತರ 2

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ರಾತ್ರಿಯಿಡೀ ಇಡುವುದು ಮಟನ್ನಿಗೆ ನಡೆದೀತು, ಚಿಕನ್ನಿಗೆ ನಡೆಯದು. ಹಸಿ ಶುಂಠಿಯಲ್ಲಿ ಮಾಂಸದ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ, ಪರಂಗಿಕಾಯಿಯಲ್ಲಿ ಇರುವಂಥದ್ದೇ. ಎಂಟು ಗಂಟೆ ಕೂತರೆ ಉಂಡೆ ಕಟ್ಟಬೇಕಾದ ಅಂಟನ್ನೇ ತಿಂದುಹಾಕುತ್ತದೆ. ಪೇಸ್ಟನ್ನು ಈರುಳ್ಳಿಯ ಜೊತೆ ಹುರಿದು ಹಾಕಿದರೆ ಆ ಕಾಟವಿಲ್ಲ. ಕಲಸಿದ ಮೇಲೆ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಸಾಕು.

ಹುರಿಗಡಲೆ ಒಳ್ಳೆಯ ಆಯ್ಕೆ, ಬಿಡಬೇಡಿ. ಆದರೆ ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯಿರಿ, ಎರಡು ಚಮಚಕ್ಕೆ ಎರಡು ಚಮಚ ತಣ್ಣನೆಯ ನೀರು ಹಾಕಿ ನೆನೆಸಿ ಸೇರಿಸಿ. ಒಣಪುಡಿಯಾಗಿ ಹಾಕಿದರೆ ಮಾಂಸದ ನೀರನ್ನೇ ಎಳೆದುಕೊಂಡು ಉಂಡೆ ಹಿಟ್ಟುಹಿಟ್ಟಾಗುತ್ತದೆ. ಹಾಲಲ್ಲಿ ನೆನೆಸಿದ ಒಂದು ಸ್ಲೈಸ್ ಬ್ರೆಡ್ ಇನ್ನೂ ಮೆತ್ತಗೆ ಬರುತ್ತದೆ, ಸಣ್ಣ ಮಕ್ಕಳಿಗೆ ಅದೇ ವಾಸಿ.

ಕೈ ಒದ್ದೆ ಮಾಡಿಕೊಂಡು ನೆಲ್ಲಿಕಾಯಿ ಗಾತ್ರಕ್ಕೆ ಕಟ್ಟಿ, ಒಂದೊಂದು ಸುಮಾರು 20 ಗ್ರಾಂ. ನೀರು ಕೊತಕೊತ ಕುದಿಯಬಾರದು. ಪಾತ್ರೆಯ ಅಂಚಿನಲ್ಲಿ ಮಾತ್ರ ಸಣ್ಣ ಗುಳ್ಳೆ ಏಳುತ್ತಿರಬೇಕು, 85–90 ಡಿಗ್ರಿ. ಮೊದಲ 3 ನಿಮಿಷ ಸೌಟು ಮುಟ್ಟಿಸಬೇಡಿ. 8 ನಿಮಿಷಕ್ಕೆ ಒಂದನ್ನು ಕತ್ತರಿಸಿ ನೋಡಿ: ಒಳಗೆ ಗುಲಾಬಿ ಬಣ್ಣ ಇರಬಾರದು, ಥರ್ಮಾಮೀಟರ್ ಇದ್ದರೆ 74 ಡಿಗ್ರಿ. ಆಮೇಲೂ ಕುದಿಸುತ್ತಾ ಹೋದರೆ ಮತ್ತೆ ರಬ್ಬರೇ. ಎಲ್ಲ ಉಂಡೆ ಕಟ್ಟುವ ಮೊದಲು ಒಂದನ್ನು ಬಿಟ್ಟು ಪರೀಕ್ಷಿಸುವುದು ಜಾಣತನ.

ಪ್ರಶ್ನೆ ಕೇಳಿದವರು

ಶುಂಠಿಯ ವಿಷಯ ಗೊತ್ತೇ ಇರಲಿಲ್ಲ, ಧನ್ಯವಾದ. ಸೂಪು ತಿಳಿಯಾಗಲು ಏನು ಮಾಡಬೇಕು? ಟೊಮೇಟೊ ಹಾಕಿದಾಗಲೆಲ್ಲ ಆಲೂಗಡ್ಡೆ ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಇರುತ್ತದೆ. ಕುಕ್ಕರ್ ಬಳಸಬಹುದಾ?

ಉತ್ತರ 3

ಕುಕ್ಕರ್ ಮೂಳೆಗೆ ಮಾತ್ರ, ಉಂಡೆಗೆ ಖಂಡಿತ ಬೇಡ. 400 ಗ್ರಾಂ ಚಿಕನ್ ಮೂಳೆಯನ್ನು ತಣ್ಣೀರಲ್ಲಿಟ್ಟು ಒಂದು ಕುದಿ ಬಂದಾಗ ಆ ನೀರು ಚೆಲ್ಲಿ, ಮೂಳೆ ತೊಳೆಯಿರಿ. ನೊರೆ, ಕಲ್ಮಶ ಎಲ್ಲ ಅಲ್ಲೇ ಹೋಗುತ್ತದೆ. ನಂತರ ಒಂದೂಮುಕ್ಕಾಲು ಲೀಟರ್ ನೀರು, ಕಾಲು ಚಮಚ ಕಾಳುಮೆಣಸು, ಒಂದು ಈರುಳ್ಳಿ ಹಾಕಿ, ಒಂದು ವಿಷಲ್ ಬಂದಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ. ಆವಿ ತಾನಾಗಿ ಇಳಿಯಲಿ. ವಿಷಲ್ ಎತ್ತಿ ಆವಿ ಬಿಟ್ಟರೆ ಒಳಗೆ ಜೋರಾಗಿ ಕುದಿದು ಕೊಬ್ಬು ನೀರಿನಲ್ಲಿ ಬೆರೆಯುತ್ತದೆ, ಸ್ಟಾಕ್ (ಮೂಳೆ ಬೆಂದ ನೀರು) ಕದಡುತ್ತದೆ. ಬಟ್ಟೆಯಲ್ಲಿ ಸೋಸಿ, ತರಕಾರಿ ಬೇಯಿಸುವುದು ಇದರಲ್ಲೇ. ಉಂಡೆಯಿಂದಲೂ ಸ್ವಲ್ಪ ನೊರೆ ಬರುತ್ತದೆ. ಪೂರ್ತಿ ತಿಳಿ ಬೇಕೆಂದರೆ ಉಂಡೆಗಳನ್ನು ಬೇರೆ ಪಾತ್ರೆಯ ಉಪ್ಪುನೀರಿನಲ್ಲಿ ಬೇಯಿಸಿ ಕೊನೆಗೆ ಸೇರಿಸಿ.

ಆಲೂಗಡ್ಡೆ ಬೇಯದಿರಲು ಟೊಮೇಟೊ ಹುಳಿಯೇ ಕಾರಣ. ಹುಳಿ ಇದ್ದಲ್ಲಿ ತರಕಾರಿಯ ಪೆಕ್ಟಿನ್, ಅಂದರೆ ಅದನ್ನು ಗಟ್ಟಿಯಾಗಿ ಹಿಡಿದಿಡುವ ಅಂಟು, ಬೇಗ ಕರಗುವುದಿಲ್ಲ. ಬೋರ್‌ವೆಲ್ ಗಡಸು ನೀರಾದರೆ ಅದರ ಕ್ಯಾಲ್ಸಿಯಂ ಕೂಡ ಅದೇ ಕೆಲಸ ಮಾಡುತ್ತದೆ, ಹಾಗಾಗಿ ಆರ್‌ಒ ಫಿಲ್ಟರ್ ನೀರು ಬಳಸಿ. ಒಂದು ಸೆಂಟಿಮೀಟರ್ ಆಲೂಗಡ್ಡೆ ತುಂಡು ಮೊದಲು ಹಾಕಿ. 3 ನಿಮಿಷ ಬಿಟ್ಟು ಕ್ಯಾರೆಟ್. ಇನ್ನು 3 ನಿಮಿಷಕ್ಕೆ ಬೀನ್ಸ್. ಉಂಡೆಗಳೂ ಆ ಹೊತ್ತಿಗೇ. ಎಲೆಕೋಸು ಕೊನೆಯ 4 ನಿಮಿಷ, ಪಾಲಕ್ ಹಾಕುವುದಿದ್ದರೆ ಕೊನೆಯ ಒಂದೇ ನಿಮಿಷ. ಟೊಮೇಟೊ ತರಕಾರಿ ಬೆಂದಮೇಲೆ. ನನ್ನ ಪ್ರಕಾರ ಟೊಮೇಟೊ ಬಿಟ್ಟು ಒಲೆ ಆರಿಸಿದ ಮೇಲೆ ಅರ್ಧ ನಿಂಬೆ ಹಿಂಡುವುದೇ ಚೆಂದ, ಬೀನ್ಸಿನ ಹಸಿರೂ ಉಳಿಯುತ್ತದೆ. ಉಂಡೆಯಲ್ಲಿ ಉಪ್ಪಿದೆ, ಸೂಪಿಗೆ ಕೊನೆಯಲ್ಲಿ ರುಚಿ ನೋಡಿ ಹಾಕಿ.

ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ, ಎರಡು ದಿನದಲ್ಲಿ ಮುಗಿಸಿ. ಬೇಯಿಸಿದ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿ ಮಾಡಿ ಡಬ್ಬಿಗೆ ತುಂಬಿದರೆ ಫ್ರೀಜರಿನಲ್ಲಿ ಎರಡು ತಿಂಗಳು ಇಡಬಹುದು. ಆಲೂಗಡ್ಡೆ ಇರುವ ಸೂಪನ್ನು ಮಾತ್ರ ಫ್ರೀಜ್ ಮಾಡಬೇಡಿ, ಕರಗಿದಾಗ ಆಲೂಗಡ್ಡೆ ಸ್ಪಂಜಿನಂತಾಗಿರುತ್ತದೆ.